ನೀಲಿ ದಾರ, ಮೂರು ಹೊಲಿಗೆ

ಜನವರಿ 11

ಮಗಳಿಗೆ,

ಮೂರು ತಿಂಗಳಿಂದ ನಿನ್ನ ಕಾಗದವಿಲ್ಲ. ನೀನು ಬರೆದರೂ ಬರೆಯದಿದ್ದರೂ ತಿಂಗಳಿಗೊಂದು ಕಾಗದ ಹಾಕುತ್ತೇನೆ ಎಂದಿದ್ದೆ, ಹಾಕುತ್ತ ಬಂದಿದ್ದೇನೆ. ಕಳೆದ ತಿಂಗಳದ್ದು ಮಾತ್ರ ತಪ್ಪಿತು. ಕಣ್ಣಿನ ಪೊರೆ ತೆಗೆಸಿಕೊಂಡೆ. ಹದಿನೈದು ದಿನದ ಅಂತರದಲ್ಲಿ ಎರಡೂ ಕಣ್ಣಿಗೆ ಆಪರೇಷನ್ ಆಯಿತು. ದೊಡ್ಡ ವಿಷಯವೇನಲ್ಲ. ನೀನು ಗಾಬರಿಯಾಗುವುದು ಬೇಡ. ಆಗುತ್ತೀ ಎಂದು ನಾನೂ ಅಂದುಕೊಂಡಿಲ್ಲ.

ಲಾಂಡ್ರಿ ನಡೆಯುತ್ತಿದೆ. ಹಿಂದಿನ ಅಂಗಳದ ಹಗ್ಗಗಳನ್ನೆಲ್ಲ ಬದಲಾಯಿಸಿದೆ. ನೀನು ಅಕ್ಕ ಎಂದು ಕರೆಯುತ್ತಿದ್ದ ಇಸ್ತ್ರಿಯವಳು ಈಗಲೂ ಬರುತ್ತಾಳೆ. ಮೊಣಕಾಲು ನೋವೆಂದು ದಿನವಿಡೀ ಗೊಣಗುತ್ತಾಳೆ. ರಜೆ ತೆಗೆದುಕೋ ಎಂದರೆ, "ರಜ ತಗೊಂಡು ಯಾರ ಹತ್ರ ಗೊಣಗ್ಲಿ ಅಮ್ಮಾ?" ಅನ್ನುತ್ತಾಳೆ. ನೀನು ಬಟ್ಟೆಗಂಟು ಹೊತ್ತು ತಿರುಗುತ್ತಿದ್ದ ಸೈಕಲ್ಲಿಗೆ ಎಣ್ಣೆ ಹಾಕಿಸಿ ಒಳಗಿಟ್ಟಿದ್ದೇನೆ.

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಡಾಕ್ಟರು ನಗುತ್ತ, "ಇಷ್ಟು ವರ್ಷ ಚಹಾ ಬಣ್ಣದ ಗಾಜಿನ ಹಿಂದೆ ಕೂತು ಲೋಕ ನೋಡ್ತಿದ್ರಿ, ಈಗ ಹೊರಗೆ ಬನ್ನಿ" ಎಂದರು. ನಾನು ನಗಲಿಲ್ಲ. ಮನೆಗೆ ಬಂದು ದಾರದ ಪೆಟ್ಟಿಗೆ ತೆಗೆದು ನೋಡಿದೆ, ಮುಚ್ಚಿಟ್ಟೆ.

ಗಡಿಯಾರ ರಿಪೇರಿಯವರ ಕೊಲೆ ಕೇಸಿನಲ್ಲಿ ನಾನು ಹೇಳಿದ ಸಾಕ್ಷಿಯ ಬಗ್ಗೆ ಈ ಏಳು ವರ್ಷದಲ್ಲಿ ನಾವಿಬ್ಬರೂ ಒಂದು ಮಾತೂ ಬರೆದುಕೊಂಡಿಲ್ಲ. ಈಗಲೂ ಬರೆಯುವುದಿಲ್ಲ. ಅವರ ಪಕ್ಕದಲ್ಲಿ ಬಿದ್ದಿದ್ದ ರಕ್ತದ ಟವೆಲನ್ನು ಕೋರ್ಟಿನಲ್ಲಿ ನನ್ನ ಕೈಗೆ ಕೊಟ್ಟು ಯಾರದೆಂದು ಕೇಳಿದರು. ನೀಲಿ ದಾರ, ಮೂರು ಹೊಲಿಗೆ, ನನ್ನ ಮಗಳ ಗುರುತು ಎಂದು ಹೇಳಿದೆ. ಹೆತ್ತವಳೆಂದು ಸುಳ್ಳು ಹೇಳಲಿಲ್ಲ. ಅಷ್ಟೆ.

ಒಂದು ವಿಷಯ ಮಾತ್ರ ಕೇಳುತ್ತೇನೆ. ಮೂಲೆಯ ವಸತಿಗೃಹದ ಬಟ್ಟೆಗೆ ನಾವು ಹಾಕುತ್ತಿದ್ದ ಗುರುತು ಯಾವುದು? ನಿನಗೆ ನೆನಪಿರುವಂತೆ ಬರೆ. ಕಾರಣ ಕೇಳಬೇಡ.

ಹೊಟ್ಟೆ ತುಂಬ ಉಣ್ಣು. ಬೆನ್ನು ನೆಟ್ಟಗಿಟ್ಟುಕೊಂಡು ಕೂರು.

ನಿನ್ನ ತಾಯಿ


ಫೆಬ್ರವರಿ 20

ಅಮ್ಮನಿಗೆ,

ಕಪ್ಪು ದಾರ, ಮೂರು ಹೊಲಿಗೆ. ವಸತಿಗೃಹದ್ದು ಅದೇ. ನೀಲಿ ನಮ್ಮ ಮನೆಯವರಿಗೆ ಮಾತ್ರ. ನಿನಗೆ ಒಂದು ಹೊಲಿಗೆ, ಅಪ್ಪ ಇದ್ದಾಗ ಅವರಿಗೆ ಎರಡು, ನನಗೆ ಮೂರು. ಗಿರಾಕಿಗಳಿಗೆ ನೀಲಿ ಕೊಡುವ ಪದ್ಧತಿಯೇ ಇಲ್ಲ. ಇದನ್ನು ನೀನೇ ಕೋರ್ಟಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದ್ದೆ. ಈಗ ನನ್ನನ್ನು ಯಾಕೆ ಪರೀಕ್ಷೆ ಮಾಡುತ್ತಿದ್ದೀಯೋ ತಿಳಿಯಲಿಲ್ಲ. ವಸತಿಗೃಹದ ಬಟ್ಟೆ ಮತ್ತೆ ನಮಗೇ ಸಿಗುತ್ತಿರಬಹುದು. ಹಾಗಿದ್ದರೆ ಒಳ್ಳೆಯದಾಯಿತು.

ನಾನು ಈಗ ಜೈಲಿನ ಹೊಲಿಗೆ ವಿಭಾಗದಲ್ಲಿದ್ದೇನೆ. ದಿನಕ್ಕೆ ನಲವತ್ತು ದಿಂಬಿನ ಚೀಲ. ಮೇಲ್ವಿಚಾರಕಿಗೆ ನನ್ನ ಕೆಲಸ ಮೆಚ್ಚುಗೆ. "ಯಾರು ಕಲಿಸಿದ್ದು?" ಎಂದು ಕೇಳಿದಳು. ಮುಂದಿನ ಚೀಲ ಕೈಗೆತ್ತಿಕೊಂಡೆ.

ಸೈಕಲ್ಲು ಮಾರಿಬಿಡು.

ಮಗಳು


ಮಾರ್ಚ್ 3

ಮಗಳಿಗೆ,

ಸೈಕಲ್ಲು ಮಾರುವುದಿಲ್ಲ.

ಒಬ್ಬ ವಕೀಲೆಯ ಹತ್ತಿರ ಹೋಗಿದ್ದೆ. ಜೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆಯ ಆಫೀಸು, ಕುರ್ಚಿಯ ಮೇಲೂ ಫೈಲು, ಕಿಟಕಿಯ ಕಟ್ಟೆಯ ಮೇಲೂ ಫೈಲು. ವಯಸ್ಸು ಮೂವತ್ತು ದಾಟಿರಲಾರದು. ನಾನು ಹೋದಾಗ ಊಟದ ಡಬ್ಬಿ ತೆರೆದುಕೊಂಡು ಕೂತಿದ್ದಳು. ಮುಚ್ಚಲು ಹೋದವಳಿಗೆ, "ಉಣ್ಣು, ನಾನು ಕಾಯ್ತೀನಿ" ಎಂದೆ. "ನೀವು ಕಾಯೋ ಥರ ಕಾಣಲ್ಲ ಅಮ್ಮ, ಹೇಳಿ" ಎಂದಳು. ಹುಡುಗಿ ಚುರುಕಾಗಿದ್ದಾಳೆ.

ನಿನ್ನ ಕೇಸಿನ ತೀರ್ಪುಗಳನ್ನೆಲ್ಲ ಎರಡು ದಿನ ಇಟ್ಟುಕೊಂಡು ಓದಿದಳು. ಆಮೇಲೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. "ಮೇಲ್ಮನವಿ ಮುಗಿದ ಕಥೆ. ಎರಡು ಸಲ ಹಾಕಿದ್ದೀರಿ, ಎರಡು ಸಲವೂ ಸೋತಿದ್ದೀರಿ. ಇನ್ನು ಹೊಸ ಸಾಕ್ಷಿ ಸಿಕ್ಕಿದ್ರೆ ಮರುವಿಚಾರಣೆಗೆ ಅರ್ಜಿ ಹಾಕ್ಬೋದು. ಇಲ್ಲ ಅಂದ್ರೆ ದಯಾ ಅರ್ಜಿ."

"ಹೊಸ ಸಾಕ್ಷಿ ಅಂದ್ರೆ ಎಂಥದು?" ಎಂದು ಕೇಳಿದೆ.

"ವಿಚಾರಣೆ ಟೈಮಲ್ಲಿ ಎಷ್ಟು ಹುಡುಕಿದ್ರೂ ನಿಮಗೆ ಸಿಗದೇ ಇದ್ದದ್ದಾಗಿರ್ಬೇಕು. ಆಗಲೇ ಸಿಕ್ಕಿದ್ದಿದ್ರೆ ತೀರ್ಪೇ ಬೇರೆ ಆಗ್ತಿತ್ತು ಅನ್ನೋ ಹಾಗಿರ್ಬೇಕು. ಮನೇಲೇ ಇಟ್ಕೊಂಡು ಈಗ ತಂದ್ವಿ ಅಂದ್ರೆ ಕೇಳಲ್ಲ. ನಿಮ್ಮ ಹತ್ರ ಅಂಥದ್ದೇನಾದ್ರೂ ಇದೆಯಾ?"

ಇಲ್ಲ ಎಂದೆ.

ಹಾಗಾಗಿ ದಯಾ ಅರ್ಜಿಯ ನಮೂನೆಯನ್ನು ಇದರ ಜೊತೆ ಇಟ್ಟಿದ್ದೇನೆ. ತಾಯಿಗೆ ವಯಸ್ಸಾಗಿದೆ, ನೋಡಿಕೊಳ್ಳುವವರಿಲ್ಲ ಎಂದು ನನ್ನ ವಿಷಯವನ್ನೂ ಸೇರಿಸಬಹುದಂತೆ. ಸೇರಿಸು. ನನಗೆ ಅಡ್ಡಿಯಿಲ್ಲ. ಗುರುತು ಹಾಕಿದ ಮೂರು ಕಡೆ ಸಹಿ ಮಾಡಿ ತಿರುಗಿ ಕಳುಹಿಸು. ತಡಮಾಡಬೇಡ.

ನಿನ್ನ ತಾಯಿ


ಮಾರ್ಚ್ 29

ಅಮ್ಮನಿಗೆ,

ನಮೂನೆಯನ್ನು ವಾಪಸು ಇಟ್ಟಿದ್ದೇನೆ. ಎರಡನೆಯ ಪುಟವನ್ನು ನೀನು ಓದಿದೆಯಾ? ಹೈಸ್ಕೂಲಿನಲ್ಲಿ ಕ್ಲಾಸಿಗೇ ಮೊದಲು ಬಂದವಳು, ಒಂದಕ್ಷರ ಬಿಡದೆ ಓದುವವಳು ನೀನು. "ನಾನು ಎಸಗಿದ ಅಪರಾಧಕ್ಕಾಗಿ ಪಶ್ಚಾತ್ತಾಪಪಡುತ್ತೇನೆ" ಎಂದು ಅಚ್ಚು ಹಾಕಿದ್ದಾರೆ. ಅದರ ಕೆಳಗೇ ನನ್ನ ಸಹಿಗೆ ಜಾಗ ಬಿಟ್ಟಿದ್ದಾರೆ.

ಚಿಕ್ಕಂದಿನಲ್ಲಿ ಪಕ್ಕದ ಮನೆಯ ಹೂಕುಂಡ ಒಡೆದದ್ದು ನಾನಲ್ಲ ಎಂದು ಸಾರಿ ಸಾರಿ ಹೇಳಿದೆ. ಆದರೂ ಅವರು ಕ್ಷಮೆ ಕೇಳು ಎಂದಾಗ ನೀನು ಏನು ಹೇಳಿದ್ದೆ ನೆನಪಿದೆಯಾ? "ಮಾಡ್ದೇ ಇರೋದಕ್ಕೆ ನನ್ನ ಮಗಳು ತಲೆ ತಗ್ಗಿಸಲ್ಲ" ಎಂದು ಬಾಗಿಲು ಹಾಕಿದ್ದೆ. ಆಗ ನನಗೆ ಎಂಟು ವರ್ಷ. ಈಗ ಮೂವತ್ತನಾಲ್ಕು.

ಏಳು ವರ್ಷ ನಾನು ಒಂದು ವಿಷಯವನ್ನು ಖಚಿತ ಮಾಡಿಕೊಳ್ಳದೆ ಉಳಿದಿದ್ದೆ. ಗುರುತು ನನ್ನದು ಎಂದೆಯೇ ಹೊರತು ಕೊಂದವಳು ನಾನು ಎಂದು ನೀನು ನಂಬಿರಲಾರೆ ಅಂದುಕೊಂಡಿದ್ದೆ. ಈ ನಮೂನೆ ಬಂದ ಮೇಲೆ ಅದೂ ಮುಗಿಯಿತು.

ಇಸ್ತ್ರಿಯಲ್ಲಿ ತಮ್ಮ ಕೋಟಿನ ತೋಳು ಸುಟ್ಟದ್ದಕ್ಕೆ ಆ ಗಡಿಯಾರದ ಮುದುಕರು ನನ್ನನ್ನು ಬೈದರು, ನಾನೂ ಎದುರು ಮಾತಾಡಿದೆ. ಬೀದಿಯವರೆಲ್ಲ ಕೇಳಿಸಿಕೊಂಡರು. ಅಷ್ಟೇ ನಡೆದದ್ದು. ಕೊಲೆಯಾದ ದಿನ ಗಂಟು ಕೊಟ್ಟು ಬರುವಾಗ ಅವರು ಭೂತಗನ್ನಡಿ ಕಣ್ಣಿಗೇರಿಸಿಕೊಂಡು ಯಾರದೋ ಕೈಗಡಿಯಾರ ಬಿಚ್ಚುತ್ತಿದ್ದರು, ತಲೆ ಎತ್ತದೆ "ಬಾಗಿಲು ಹಾಕ್ಕೊಂಡು ಹೋಗು" ಎಂದರು. ಹಾಕಿಕೊಂಡು ಬಂದೆ.

ತಿಂಗಳ ಕಾಗದ ಇನ್ನು ಬೇಡ.


ಏಪ್ರಿಲ್ 8

ಮಗಳಿಗೆ,

ನಿನ್ನ ಕಾಗದ ಬಂತು. ನಿನ್ನ ಇಷ್ಟ.

ನೀನು ಕಾಗದ ಬೇಡ ಎಂದೆ. ಮಾತು ಕೊಟ್ಟವಳು ನಾನು. ನಿಲ್ಲಿಸುವುದೋ ಮುಂದುವರಿಸುವುದೋ ನನಗೆ ಬಿಟ್ಟದ್ದು.

ನಿನ್ನ ತಾಯಿ


ಜೂನ್ 2

ಮಗಳೇ,

ಏಪ್ರಿಲ್‌ನ ಕಾಗದದ ನಂತರ ನಾನೇ ನಿಲ್ಲಿಸಿದೆ. ಇದನ್ನು ಮೂರು ಸಲ ಬರೆದು ಹರಿದೆ. ಅಲ್ಲಿ ಕಾಗದಗಳನ್ನು ಒಡೆದು ಓದಿಯೇ ಕೊಡುತ್ತಾರೆಂದು ಗೊತ್ತು. ಓದಲಿ.

ದಾರದ ಪೆಟ್ಟಿಗೆ ತೆಗೆದು ನೋಡಿದೆ ಎಂದು ಬರೆದಿದ್ದೆ. ಏನು ಕಂಡೆನೆಂದು ಬರೆದಿರಲಿಲ್ಲ. ಕಪ್ಪು ದಾರದ ಖಾನೆಯಲ್ಲಿ ಐದು ರೀಲುಗಳಿದ್ದವು. ಮೂರು ಕಪ್ಪು, ಎರಡು ಕಡು ನೀಲಿ. ಆ ಪೆಟ್ಟಿಗೆಗೆ ನನ್ನ ಹೊರತು ಯಾರೂ ಕೈ ಹಾಕುವುದಿಲ್ಲ. ನಾನು ಕೈ ಹಾಕಗೊಟ್ಟಿಲ್ಲ.

ಹೋದ ತಿಂಗಳು ಇಸ್ತ್ರಿಯವಳನ್ನು ಕರೆದು ಎರಡು ರೀಲು ಅವಳ ಮುಂದೆ ಹಿಡಿದೆ. "ಇದೇನು ಬಣ್ಣ?"

ಅವಳು ಮೊದಲು ನನ್ನ ಮುಖ ನೋಡಿದಳು, ಆಮೇಲೆ ರೀಲು ನೋಡಿದಳು. "ನೀವೇನು ಅಂತೀರೋ ಅದೇ ಅಮ್ಮಾ."

"ಬಾಯಿಗೆ ಬಂದದ್ದು ಬೇಡ. ಕಣ್ಣಿಗೆ ಕಂಡದ್ದು ಹೇಳು."

"ಇದು ಕಪ್ಪು, ಇದು ನೀಲಿ. ಅಯ್ಯೋ, ಎಷ್ಟೊಂದು ವರ್ಷದಿಂದ ನೀಲಿನೇ."

ಆಮೇಲೆ ಅವಳು ಕೂತುಬಿಟ್ಟಳು. ಕೂತು ಹೇಳಿದಳು. ನನ್ನ ಕಣ್ಣು ಕೆಟ್ಟದ್ದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತಂತೆ. ವಸತಿಗೃಹದ ಬಟ್ಟೆಗೆ ಕಪ್ಪು ಹಾಕುವ ಬದಲು ನಾನು ನೀಲಿ ಹಾಕಿಬಿಡುತ್ತಿದ್ದೆನಂತೆ. ಇಸ್ತ್ರಿ ಮಾಡುವಾಗ ಕಣ್ಣಿಗೆ ಬಿದ್ದರೆ ಬಿಚ್ಚಿ ಕಪ್ಪಿನಲ್ಲಿ ಹೊಲಿದು ಗಂಟು ಕಟ್ಟುತ್ತಿದ್ದಳಂತೆ. ಅದಕ್ಕಾಗಿಯೇ ತನ್ನ ಬುಟ್ಟಿಯಲ್ಲಿ ಒಂದು ಕಪ್ಪು ರೀಲು ಅಡಗಿಸಿಟ್ಟಿದ್ದಳು. ಕಣ್ಣಿಗೆ ಬೀಳದ್ದು ಹಾಗೇ ಹೋಗುತ್ತಿತ್ತು.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ನಿಮಗೆ ಹೇಳೋದಕ್ಕಿಂತ ಕಾದ ಇಸ್ತ್ರಿಪೆಟ್ಟಿಗೇನ ಬರಿಗೈಲಿ ಹಿಡಿಯೋದು ವಾಸಿ ಅಂತ ಸುಮ್ನಿದ್ವಿ."

"ಸುಮ್ನಿದ್ವಿ ಅಂದ್ರೆ? ಇನ್ಯಾರಿಗೆ ಗೊತ್ತಿತ್ತು?"

ಅವಳು ಎದ್ದು ಹೋದಳು. ಮೊಣಕಾಲು ನೋವಿನವಳು ಅಷ್ಟು ಬೇಗ ನಡೆದದ್ದನ್ನು ನಾನು ನೋಡಿಯೇ ಇರಲಿಲ್ಲ.

ಮರುದಿನ ವಸತಿಗೃಹಕ್ಕೆ ಹೋದೆ. ಯಜಮಾನನಿಗೆ ಈಗ ಕಿವಿ ಕೇಳಿಸದು. ಮೇಲಿನ ಮಹಡಿ ಮುಚ್ಚಿ ಏಳು ವರ್ಷವಾಯಿತಂತೆ, ಕೊಲೆಯಾದ ವಾರದಲ್ಲೇ ಸೂರು ಕುಸಿದು ಮುಚ್ಚಿದ್ದು. ಹಳೆಯ ಟವೆಲುಗಳಿವೆಯೇ ಎಂದು ಕೂಗಿ ಕೂಗಿ ಕೇಳಿದೆ. "ಅಷ್ಟು ಜೋರಾಗಿ ಯಾಕಮ್ಮಾ ಬೈತೀರಿ?" ಎಂದು ಬೀಗದ ಕೈ ಕೊಟ್ಟ. ಮೇಲಿನ ಕಪಾಟಿನಲ್ಲಿ ನಮ್ಮ ಲಾಂಡ್ರಿಯ ಗಂಟೊಂದು ಇತ್ತು. ನಮ್ಮ ಕಂದು ಕಾಗದ, ನಮ್ಮ ದಾರದ ಕಟ್ಟು, ನನ್ನ ಕೈಬರಹದ ಚೀಟಿ. ಟವೆಲು ಹನ್ನೆರಡು ಎಂದು ಬರೆದಿದೆ, ಕೆಳಗೆ ತಾರೀಖು. ಗಡಿಯಾರದವರು ಸಾಯುವ ನಾಲ್ಕು ದಿನ ಮೊದಲಿನದು. ಯಾರೂ ಬಿಚ್ಚಿರಲಿಲ್ಲ.

ನಾನೂ ಬಿಚ್ಚಲಿಲ್ಲ. ಬಾಗಿಲು ಭದ್ರಮಾಡಿ, ಬೀಗದ ಕೈಯನ್ನು ಯಜಮಾನನ ಹತ್ತಿರವೇ ಬಿಟ್ಟು, ನೇರ ವಕೀಲೆಯ ಹತ್ತಿರ ಹೋದೆ. "ಪುಣ್ಯಕ್ಕೆ ಬಿಚ್ಲಿಲ್ಲ. ಕೋರ್ಟಿನ ಎದುರೇ ಬಿಚ್ಚಿಸೋಣ. ಆದ್ರೆ ಒಳಗೆ ಎಲ್ಲಾ ಕಪ್ಪೇ ಇದ್ರೆ ಅರ್ಜಿ ಅಲ್ಲಿಗೇ ಬಿತ್ತು ಅಂತ ಇಟ್ಕೊಳ್ಳಿ" ಎಂದಳು.

ಇಷ್ಟಕ್ಕೇ ನಿಲ್ಲಿಸಿ ಸಹಿ ಹಾಕಬಹುದಿತ್ತು. ಮೊದಲ ಮೂರು ಸಲ ಹಾಗೇ ಮಾಡಿದ್ದೆ. ಅದಕ್ಕೇ ಹರಿದೆ.

ನನ್ನ ಕಣ್ಣಿಗೆ ಪೊರೆ ಬಂದದ್ದು ನನಗೆ ಗೊತ್ತಿತ್ತು. ಸಾಕ್ಷಿ ಹೇಳುವ ಎರಡು ತಿಂಗಳ ಮೊದಲು ಇದೇ ಡಾಕ್ಟರ ಹತ್ತಿರ ಹೋಗಿದ್ದೆ. ಎರಡೂ ಕಣ್ಣಿನ ಪೊರೆ ಬಲಿತಿದೆ, ಬಣ್ಣ ಗೊತ್ತಾಗುವುದಿಲ್ಲ, ಬೇಗ ತೆಗೆಸಿ ಎಂದಿದ್ದರು. ಅವರ ದಾಖಲೆಯಲ್ಲಿ ಇಂದಿಗೂ ಇದೆ. ಚೀಟಿಯನ್ನು ನಾನು ದಾರಿಯಲ್ಲೇ ಹರಿದು ಚರಂಡಿಗೆ ಹಾಕಿದೆ. ಕೋರ್ಟಿನಲ್ಲಿ ನಿನ್ನ ವಕೀಲರು, "ಅಮ್ಮ, ನಿಮ್ಮ ಕಣ್ಣು ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದರು. ನಾನು, "ಸೂಜಿಗೆ ನಾನೇ ದಾರ ಪೋಣಿಸ್ತೀನಿ" ಎಂದೆ. ಎಲ್ಲರೂ ನಕ್ಕರು. ವಕೀಲರು ಕೂತರು.

ಆ ದಿನ ಟವೆಲಿನ ಮೇಲಿದ್ದದ್ದು ನೀಲಿ ದಾರವೇ. ಅದು ಎಲ್ಲರಿಗೂ ಕಂಡಿತ್ತು. ಆದರೆ ಅದು ನಿನ್ನದೇ, ಬೇರೆ ಯಾರದ್ದೂ ಆಗಿರಲು ಸಾಧ್ಯವಿಲ್ಲ ಎಂದವಳು ನಾನು. ಗೊತ್ತಿಲ್ಲದೆ ಹೇಳಿದೆ. ಗೊತ್ತಿಲ್ಲ ಎಂಬುದು ಗೊತ್ತಿದ್ದೂ ಹೇಳಿದೆ.

ನೀನು ಕೊಂದೆಯೆಂದು ನಾನು ನಂಬಿದ್ದೆ ಎಂದು ಬರೆದಿದ್ದೀ. ನಂಬಲು ಪ್ರಯತ್ನಿಸಿದೆ. ನಂಬದಿದ್ದರೆ ಆ ಸಾಕ್ಷಿಯನ್ನು ಹೊತ್ತುಕೊಂಡು ಬದುಕುವುದು ಆಗುತ್ತಿರಲಿಲ್ಲ.

ಅಮ್ಮ


ಆಗಸ್ಟ್ 17

ಅಮ್ಮಾ,

ನಿನ್ನ ಕಾಗದವನ್ನು ಎರಡೂವರೆ ತಿಂಗಳು ದಿಂಬಿನ ಚೀಲದೊಳಗೆ ಇಟ್ಟುಕೊಂಡಿದ್ದೆ. ಉತ್ತರ ಬರೆಯಬಾರದು ಎಂದಿದ್ದೆ. ಇಲ್ಲಿಯವಳೊಬ್ಬಳು, "ಹೊರಗಿನವರು ತಪ್ಪೊಪ್ಪಿಕೊಂಡ್ರೆ ಉತ್ತರ ಕೊಡ್ಬೇಡ, ತಪ್ಪೆಲ್ಲ ನಿನ್ನ ತಲೆಗೆ ಕಟ್ಟಿ ನಿದ್ದೆ ಮಾಡ್ತಾರೆ" ಎಂದಳು. ಆಕೆ ಹೇಳಿದ್ದರಲ್ಲಿ ಅರ್ಧ ಸರಿಯಿದೆ.

ಇನ್ಯಾರಿಗೆ ಗೊತ್ತಿತ್ತು ಎಂದು ನೀನು ಅಕ್ಕನನ್ನು ಕೇಳಿದೆ. ನನಗೆ ಗೊತ್ತಿತ್ತು.

ಗಂಟುಗಳನ್ನು ಸೈಕಲ್ಲಿಗೆ ಹೇರುವ ಮೊದಲು ಮೇಲಿನ ಎರಡು ಮೂರು ಬಟ್ಟೆಗಳ ಗುರುತು ನಾನೂ ನೋಡುತ್ತಿದ್ದೆ. ತಪ್ಪಿದ್ದರೆ ಅಕ್ಕನಿಗೆ ವಾಪಸು ಕೊಡುತ್ತಿದ್ದೆ. ನಿನಗೆ ಹೇಳಬೇಕೆಂದು ಒಂದು ಸಲ ಬಾಯಿ ತೆರೆದೆ. ಆಗ ನೀನು ಬೆಳಕಿಗೆ ಬೆನ್ನು ಮಾಡಿ ಕೂತು ಒಂದು ಅಂಗಿಗೆ ಗುರುತು ಹಾಕುತ್ತಿದ್ದೆ. ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ನಾನು ಗಂಟು ಹೊತ್ತು ಹೊರಟುಬಿಟ್ಟೆ.

ಕೋರ್ಟಿನಲ್ಲಿ ವಕೀಲರು ನಿನ್ನ ಕಣ್ಣಿನ ಬಗ್ಗೆ ಕೇಳಿದ್ದು ನಾನು ಹೇಳಿಕೊಟ್ಟು ಅಲ್ಲ. ಅವರಿಗೇ ಹೊಳೆದದ್ದು. ನೀನು ಸೂಜಿಯ ಮಾತು ಹೇಳಿದಾಗ ಅವರು ನನ್ನ ಕಡೆ ತಿರುಗಿದರು. ನಾನು ತಲೆ ಅಲ್ಲಾಡಿಸಿದ್ದರೆ ಸಾಕಿತ್ತು. ಅಷ್ಟು ಜನರ ಮುಂದೆ ನಿನ್ನನ್ನು ಸುಳ್ಳುಗಾತಿ ಮಾಡುವುದು ಬೇಡ, ನೀನೇ ಸರಿಪಡಿಸುತ್ತೀ ಎಂದು ಕಾದೆ. ಒಂದು ಸಲ "ಇರಬಹುದು" ಎಂದಿದ್ದರೂ ಸಾಕಿತ್ತು. ನಿನ್ನ ಬಾಯಲ್ಲಿ ಆ ಮಾತೇ ಇಲ್ಲ ಎಂಬುದನ್ನು ನಾನು ಮರೆತಿದ್ದೆ. ತೀರ್ಪಿನ ದಿನದವರೆಗೂ ಕಾದೆ. ಆಮೇಲೆ ಹೇಳಿದರೆ ಯಾರು ನಂಬುತ್ತಾರೆ?

ಹಾಗಾಗಿ ಈ ಏಳು ವರ್ಷ ಪೂರಾ ನಿನ್ನವೇ ಅಲ್ಲ. ಒಂದೆರಡು ನನ್ನವೂ ಇವೆ.

ಮಗಳು


ಆಗಸ್ಟ್ 26

ಮಗಳೇ,

ನಿನ್ನ ಕಾಗದವನ್ನು ವಕೀಲೆಗೆ ತೋರಿಸಿದೆ. ತೋರಿಸದೆ ಇರಬಹುದಿತ್ತು. ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

"ಇದನ್ನ ನೀವು ನನಗೆ ತೋರಿಸ್ಬಾರ್ದಿತ್ತು ಅಮ್ಮ."

"ಯಾಕೆ?"

"ಆರೋಪಿಗೆ ಆಗಲೇ ಗೊತ್ತಿತ್ತು ಅಂದ್ರೆ ಇದು ಹೊಸ ಸಾಕ್ಷಿ ಹೇಗಾಗುತ್ತೆ ಅಂತ ಸರ್ಕಾರಿ ವಕೀಲರು ಮೊದಲನೇ ದಿನವೇ ಎದ್ದು ನಿಲ್ತಾರೆ. ಕಣ್ಣಿನ ವಿಷಯ ಗೊತ್ತಿತ್ತು, ಹೇಳಲಿಲ್ಲ, ಸೋತ ಮೇಲೆ ಹೇಳ್ತಿದ್ದಾರೆ ಅಂತಾರೆ."

"ಗಂಟು ಇದ್ದದ್ದು ಅವಳಿಗೆ ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ."

"ಅದೇ ನಮ್ಮ ಬಲ. ಅನುಮಾನ ಬೇರೆ, ಸಾಕ್ಷಿ ಬೇರೆ ಅಂತ ನಾನು ವಾದ ಮಾಡ್ತೀನಿ. ಆದ್ರೂ ಈ ಕಾಗದ ಇಲ್ದೇ ಇದ್ರೆ ಕೆಲಸ ಸಲೀಸು."

ಅವಳು ಅದನ್ನು ಹರಿ ಎನ್ನಲಿಲ್ಲ. ಹಿಂದಕ್ಕೆ ತಳ್ಳಿದಳು, ಅಷ್ಟೆ.

ಹೀಗೆಯೇ ಒಂದು ಚೀಟಿಯನ್ನು ನಾನು ಹಿಂದೆ ಹರಿದಿದ್ದೇನೆ. ಇದನ್ನು ಹರಿಯಲು ಕೈ ಬರುತ್ತಿಲ್ಲ. ಆದರೆ ಹರಿಯದಿದ್ದರೆ ಹೋಗುವುದು ನನ್ನ ವರ್ಷಗಳಲ್ಲ, ನಿನ್ನವು. ಹಿಂದಿನ ಸಲ ನಿಜ ಹೇಳುತ್ತೇನೆಂದು ನಿನ್ನ ಪರವಾಗಿ ನಾನೇ ನಿರ್ಧರಿಸಿದ್ದೆ. ಅದು ನಿಜವೂ ಆಗಿರಲಿಲ್ಲ. ಈ ಸಲ ನಿನ್ನನ್ನು ಕೇಳುತ್ತಿದ್ದೇನೆ. ನಿನಗೆ ಗೊತ್ತಿತ್ತೆಂಬುದನ್ನು ಕೋರ್ಟಿಗೆ ಹೇಳಲೋ, ಬಿಡಲೋ? ಬಿಡು ಎಂದರೆ ಬಿಡುತ್ತೇನೆ. ಅದಕ್ಕಾಗಿ ನಿನ್ನನ್ನು ಕೀಳಾಗಿ ಎಣಿಸುವುದಿಲ್ಲ.

ನನ್ನ ಪ್ರಮಾಣಪತ್ರಕ್ಕೆ ನಿನ್ನೆ ಸಹಿ ಮಾಡಿದೆ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನನ್ನ ಮೇಲೆ ಕೇಸು ಆಗಬಹುದು ಎಂದು ವಕೀಲೆ ಮೂರು ಸಲ ಹೇಳಿದಳು. "ಮೊದಲನೇ ಸಲವೇ ಕೇಳಿಸ್ತು, ಹಾಳಾಗಿದ್ದು ಕಣ್ಣು, ಕಿವಿಯಲ್ಲ" ಎಂದೆ.

ಅಮ್ಮ


ಸೆಪ್ಟೆಂಬರ್ 6

ಅಮ್ಮಾ,

ಎಲ್ಲವನ್ನೂ ಹೇಳು. ನನ್ನದನ್ನೂ.


ನವೆಂಬರ್ 21

ಮಗಳೇ,

ನಿನ್ನೆ ವಿಚಾರಣೆ ನಡೆಯಿತು. ನಿನ್ನನ್ನು ಕರೆಸುವುದಿಲ್ಲ ಎಂದು ಮೊದಲೇ ಹೇಳಿದ್ದರು, ಆದರೂ ಬಾಗಿಲು ತೆರೆದಾಗಲೆಲ್ಲ ತಿರುಗಿ ನೋಡುತ್ತಿದ್ದೆ.

ಸರ್ಕಾರಿ ವಕೀಲರು ನಿಧಾನದ ಮನುಷ್ಯ. ಪ್ರತಿ ಪ್ರಶ್ನೆಗೂ ಮೊದಲು ಪೆನ್ನಿನ ಮುಚ್ಚಳ ಹಾಕುತ್ತಾರೆ.

"ಆಗ ಪ್ರಮಾಣ ಮಾಡಿ ಹೇಳಿದ್ದು ಸುಳ್ಳೋ, ಈಗ ಹೇಳ್ತಿರೋದು ಸುಳ್ಳೋ?"

"ಆಗಿನದು."

"ಸೂಜಿಗೆ ನಾನೇ ದಾರ ಪೋಣಿಸ್ತೀನಿ ಅಂದಿದ್ರಿ."

"ಪೋಣಿಸ್ತಿದ್ದೆ. ಬೆರಳಿಗೆ ಅಭ್ಯಾಸ ಇತ್ತು. ಕಣ್ಣಿಂದ ಅಲ್ಲ."

"ಡಾಕ್ಟರು ಹೇಳಿದ್ರೂ ಯಾಕೆ ಮುಚ್ಚಿಟ್ರಿ?"

ಈ ಪ್ರಶ್ನೆ ಬರುತ್ತದೆಂದು ವಕೀಲೆ ಒಂದು ಉತ್ತರ ಕಲಿಸಿದ್ದಳು. ವ್ಯಾಪಾರ ಹೋಗುತ್ತದೆಂಬ ಭಯ, ಗಂಡ ಇಲ್ಲದ ಹೆಂಗಸು ಎಂದೆಲ್ಲ. ಅದು ಬಾಯಿಗೆ ಬರಲಿಲ್ಲ. "ನಮ್ಮಲ್ಲಿ ಎಲ್ಲರೂ ನನಗೆ ಹೆದರ್ತಿದ್ರು. ಅದು ಹೋಗಬಾರ್ದು ಅಂತ" ಎಂದೆ. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮತ್ತೆ ಬರೆದರು.

ಆಮೇಲೆ ಸರ್ಕಾರಿ ವಕೀಲರು ನಿನ್ನ ಕಾಗದ ಹಿಡಿದು, ಮಗಳಿಗೂ ಗೊತ್ತಿತ್ತಲ್ಲ, ಇದು ಹೊಸದು ಹೇಗೆ ಎಂದು ವಾದಿಸಿದರು. ವಕೀಲೆ ಎದ್ದು, "ತಾಯಿಯ ಕಣ್ಣು ಮಂದ ಅಂತ ಮಗಳಿಗೆ ಗೊತ್ತಿತ್ತು. ಈ ಗಂಟು ಇದೆ ಅಂತ ಯಾರಿಗೆ ಗೊತ್ತಿತ್ತು? ಪೊಲೀಸರಿಗೆ ಗೊತ್ತಿತ್ತಾ?" ಎಂದಳು. ಹಿಂದೆ ಯಾರೋ ನಕ್ಕರು.

ಗಂಟನ್ನು ಮೇಜಿನ ಮೇಲಿಟ್ಟರು. ಚೀಟಿಯ ತಾರೀಖನ್ನು ಗುಮಾಸ್ತ ಗಟ್ಟಿಯಾಗಿ ಓದಿದ. ದಾರ ಕತ್ತರಿಸಿದ. ನಾನು ಕಟ್ಟಿದ ಗಂಟು ಬಿಚ್ಚಲು ಸುಲಭವಲ್ಲ, ಎರಡು ಕಡೆ ಕತ್ತರಿಸಬೇಕಾಯಿತು. ಒಂದೊಂದೇ ಟವೆಲಿನ ಮೂಲೆ ತಿರುಗಿಸಿ ಬಣ್ಣ ಹೇಳುತ್ತ ಹೋದ. ಕಪ್ಪು. ಕಪ್ಪು. ಕಪ್ಪು. ಇಸ್ತ್ರಿಯವಳು ನನ್ನ ಪಕ್ಕದಲ್ಲಿ ಕೂತು ಸಣ್ಣಗೆ ಅಳತೊಡಗಿದಳು. "ನಾನ್ಯಾಕೆ ಅಷ್ಟು ಚೆನ್ನಾಗಿ ನೋಡ್ದೆ ಅಮ್ಮಾ" ಎಂದಳು. ಆರನೆಯದೂ ಕಪ್ಪು. ಆ ಆರು ಟವೆಲುಗಳ ಹೊತ್ತಿನಲ್ಲಿ ನಾನು ಯೋಚಿಸಿದ್ದನ್ನು ನಿನಗೆ ಬರೆಯುವುದಿಲ್ಲ.

ಏಳನೆಯದನ್ನು ಆತ ಎತ್ತಿಕೊಂಡ. ಕಿಟಕಿಯ ಹತ್ತಿರ ಹೋಗಿ ಹಿಡಿದು ನೋಡಿದ. "ನೀಲಿ" ಎಂದ.

ಒಟ್ಟು ಮೂರು ನೀಲಿ. ಉಳಿದ ಒಂಬತ್ತರ ಪೈಕಿ ಎರಡರಲ್ಲಿ ಕಪ್ಪು ಹೊಲಿಗೆಯ ಕೆಳಗೆ ನೀಲಿ ಎಳೆಯ ತುಂಡು ಸಿಕ್ಕಿತು, ಇಸ್ತ್ರಿಯವಳು ಬಿಚ್ಚುವಾಗ ಉಳಿದದ್ದು. ವಸತಿಗೃಹದ ದಾಖಲೆಯಲ್ಲಿ, ಆ ವಾರ ತಂಗಿದ್ದವನೊಬ್ಬ ಕೊಲೆಯ ಮರುದಿನ ಹೇಳದೆ ಕೇಳದೆ ಹೋದದ್ದು ಬರೆದಿದೆ. ಅವನನ್ನು ಆಗ ಯಾರೂ ಹುಡುಕಲಿಲ್ಲ. ಟವೆಲು ನಿನ್ನದೆಂದು ನಾನು ಹೇಳಿದ ಮೇಲೆ ಹುಡುಕುವ ಕಾರಣವೂ ಅವರಿಗೆ ಇರಲಿಲ್ಲ.

ಆದೇಶ ಇನ್ನೆರಡು ವಾರದಲ್ಲಿ. ವಕೀಲೆ ಆಸೆ ಇಟ್ಟುಕೊಳ್ಳಬೇಡಿ ಎನ್ನುತ್ತಾಳೆ, ತಾನು ಮಾತ್ರ ಇಟ್ಟುಕೊಂಡಿದ್ದಾಳೆ.

ಒಂದು ಕೇಳಲೇ? ಬಿಟ್ಟರೆ, ಗೇಟಿನ ಹತ್ತಿರ ನಾನು ಬರಲೇ?

ಅಮ್ಮ


ಡಿಸೆಂಬರ್ 19

ಮಗಳೇ,

ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಬರದೇ ಇದ್ದದ್ದೇ ಉತ್ತರ ಎಂದುಕೊಂಡು ಗೇಟಿಗೆ ಬರಲಿಲ್ಲ. ತಪ್ಪು ತಿಳಿದುಕೊಂಡಿದ್ದರೆ ಹೇಳು.

ನಿನ್ನ ಹೊಸ ವಿಳಾಸ ನನಗೆ ಯಾರೂ ಕೊಟ್ಟದ್ದಲ್ಲ. ಆದೇಶದ ಪ್ರತಿಯಲ್ಲಿತ್ತು. ಹಳೆಯ ತೀರ್ಪು ರದ್ದು, ಮೊದಲಿನಿಂದ ವಿಚಾರಣೆ, ಅದು ಮುಗಿಯುವವರೆಗೆ ಜಾಮೀನು ಎಂದೆಲ್ಲ ಓದುತ್ತ ಬಂದೆ. ಕೊನೆಯಲ್ಲಿ, ಜಾಮೀನಿನ ಕಾಲದಲ್ಲಿ ಆರೋಪಿ ವಾಸಿಸುವ ಸ್ಥಳ ಎಂದು ಇತ್ತು. ನಮ್ಮ ಮನೆಯ ನಂಬರು ಇರುತ್ತದೆಂದು ಓದಿದೆ. ಬೇರೆ ಇತ್ತು. ಹೊಲಿಗೆ ಕಾರ್ಖಾನೆಯ ಹಿಂದಿನ ಬೀದಿ, ಎರಡನೇ ಮಹಡಿ. ಇನ್ನೊಂದು ಸಲ ಓದಿದೆ, ಈಗ ಕಣ್ಣನ್ನು ದೂರುವಂತಿಲ್ಲವಲ್ಲ.

ಬಿಡುಗಡೆಯ ದಿನ ಕೋಣೆ ಗುಡಿಸಿ, ನಿನ್ನ ಹಾಸಿಗೆಗೆ ಬಿಸಿಲು ತೋರಿಸಿದ್ದೆ. ಇಸ್ತ್ರಿಯವಳು ಅದನ್ನು ನೋಡಿ ಹೊದಿಕೆ ಇಸ್ತ್ರಿ ಮಾಡಿಕೊಟ್ಟಳು. ಸಂಜೆ ಅವಳೇ ಅದನ್ನೆಲ್ಲ ಸುತ್ತಿ ಒಳಗಿಟ್ಟಳು. "ಬರ್ತಾಳಾ ಅಮ್ಮಾ?" ಎಂದು ಕೇಳಿದಳು. ವಕೀಲೆಯೂ ಅದನ್ನೇ ಕೇಳಿದ್ದಳು. ಇಬ್ಬರಿಗೂ ಗೊತ್ತಿಲ್ಲ ಎಂದೆ. ಇತ್ತೀಚೆಗೆ ಆ ಮಾತು ಹೇಳುವುದು ಅಭ್ಯಾಸವಾಗುತ್ತಿದೆ.

ಈಗ ಗುರುತು ಹಾಕುವ ಕೆಲಸ ಅವಳದು. ಕೆಲವು ಗಿರಾಕಿಗಳು ಬಿಟ್ಟುಹೋದರು. ಉಳಿದವರು ಬಟ್ಟೆ ಕೊಡುವಾಗ ನನ್ನ ಮುಖ ನೋಡುವುದಿಲ್ಲ. ನನ್ನ ಮೇಲೂ ನೋಟಿಸು ಬಂದಿದೆ, ಉತ್ತರ ಕೊಟ್ಟಿದ್ದೇನೆ. ಅದು ನನ್ನ ಪಾಡು, ನೀನು ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಮನೆ ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದೆ. ಮೂಲೆಗಳೂ ಕಾಣುತ್ತವಲ್ಲ, ಅದಕ್ಕಿರಬೇಕು. ಏಳು ವರ್ಷ ಒಬ್ಬಳೇ ಇದ್ದೆ, ಆದರೆ ಅದಕ್ಕೊಂದು ಕಾರಣವಿದೆ ಎಂದುಕೊಂಡಿದ್ದೆ. ಈಗ ಕಾರಣ ಹೋಗಿದೆ, ಒಬ್ಬಳೇ ಇರುವುದು ಮಾತ್ರ ಉಳಿದಿದೆ. ಇದನ್ನು ನಿನ್ನನ್ನು ಕರೆಯುವುದಕ್ಕಾಗಿ ಬರೆದದ್ದಲ್ಲ. ಏನನ್ನೂ ಮುಚ್ಚಿಡುವುದಿಲ್ಲ ಎಂದುಕೊಂಡಿದ್ದೇನೆ, ಅದಕ್ಕೆ ಬರೆದೆ.

ವಿಚಾರಣೆ ಜನವರಿ ಹದಿನೇಳಕ್ಕೆ ಶುರುವಾಗುತ್ತದೆ. ನನ್ನನ್ನು ಸಾಕ್ಷಿಯಾಗಿ ಮತ್ತೆ ಕರೆಯುವುದು ಆಮೇಲೆ. ಆದರೂ ಮೊದಲ ದಿನದಿಂದ ಬರುತ್ತೇನೆ. ಕೊನೆಯ ಬೆಂಚಿನಲ್ಲಿ ಗೋಡೆಯ ಪಕ್ಕ ಕೂರುತ್ತೇನೆ. ನೀನು ತಿರುಗಿ ನೋಡಬೇಕೆಂದಿಲ್ಲ, ಮಾತಾಡಿಸಬೇಕೆಂದಿಲ್ಲ. ಬರಬೇಡ ಎಂದರೆ ಮಾತ್ರ ಬರುವುದಿಲ್ಲ.

ಅಮ್ಮ


ಜನವರಿ 7

ಅಮ್ಮಾ,

ಗೇಟಿಗೆ ನೀನು ಬರದಿದ್ದದ್ದು ಸರಿಯಾಯಿತು. ನೀನು ಬಂದಿದ್ದರೆ ನಿನ್ನ ಹಿಂದೆಯೇ ಮನೆಗೆ ಬಂದುಬಿಡುತ್ತಿದ್ದೆ. ಬಂದು ಮರುದಿನದಿಂದ ಮತ್ತೆ ನಿನ್ನ ಬೆನ್ನ ಹಿಂದೆ ಎಲ್ಲ ಸರಿಮಾಡಲು ಶುರುಮಾಡುತ್ತಿದ್ದೆ. ಅದಕ್ಕೇ ಉತ್ತರ ಬರೆಯಲಿಲ್ಲ.

ಇಲ್ಲಿ ಒಂದು ಕೋಣೆ, ಒಂದು ಕಿಟಕಿ. ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಹಾಕುವುದೋ ಬೇಡವೋ ಎಂದು ದಿನವೂ ಸ್ವಲ್ಪ ಹೊತ್ತು ಅದರ ಎದುರು ನಿಲ್ಲುತ್ತೇನೆ. ಕಾರ್ಖಾನೆಯಲ್ಲಿ ಯಾರೂ ಏನೂ ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಗುಂಪಾಗಿ ಕೂರುತ್ತಾರೆ, ನಾನು ಮಿಷನ್ನಿನ ಹತ್ತಿರವೇ ಉಣ್ಣುತ್ತೇನೆ.

ಮನೆಗೆ ಯಾವಾಗ ಬರುತ್ತೇನೆ, ಬರುತ್ತೇನೋ ಇಲ್ಲವೋ ಈಗ ಹೇಳಲಾರೆ.

ಕೊನೆಯ ಬೆಂಚಿನ ಮೇಲೆ ಫ್ಯಾನ್ ಇಲ್ಲ, ಸಾಕ್ಷಿಗಳ ಮಾತೂ ಅಲ್ಲಿಗೆ ಕೇಳಿಸುವುದಿಲ್ಲ. ಹಿಂದಿನ ಸಲ ಒಂದೂವರೆ ವರ್ಷ ಆ ಕೋಣೆಯನ್ನು ನೋಡಿದ್ದೇನೆ. ಮೂರನೆಯ ಸಾಲಿನಲ್ಲಿ, ಬಲಗಡೆ ತುದಿಯಲ್ಲಿ ಕೂತುಕೋ.

ಮಗಳು